ನಾಯಕನ ಪ್ರೇಯಸಿಯ ಹಣೆಬರಹ ಬರೆಯುವವರು

1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಸತ್ತ. ಅಮೆರಿಕದ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತು ಆ ಸಂಚಿಕೆಯನ್ನು ಕೊಂಡರು. ಪ್ರತಿಗಳು ಲಕ್ಷಗಟ್ಟಲೆ ಖರ್ಚಾದವು. ದೊಡ್ಡ ಮನುಷ್ಯರೊಬ್ಬರು ತೀರಿಕೊಂಡರೆಂಬಂತೆ ಪತ್ರಿಕೆಗಳು ಸುದ್ದಿ ಮಾಡಿದವು. ಡೂಮ್ಸ್‌ಡೇ ಎಂಬ ದೈತ್ಯನೊಡನೆ ಕಾದಾಡಿ ಸತ್ತನೆಂಬುದು ಪುಟದ ಮೇಲೆ ಅಚ್ಚಾದ ಕಾರಣ. ಪುಟದ ಹಿಂದಿನ ಕಾರಣವೇ ಬೇರೆ. ಅವನ ಮದುವೆ ಮುಂದಕ್ಕೆ ಹೋಗಿತ್ತು.

ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ 1938ರ ಸಂಚಿಕೆಯಲ್ಲೇ ವರದಿಗಾರ್ತಿ ಲೋಯಿಸ್ ಲೇನ್ ಕೂಡ ಇದ್ದಾಳೆ. ಇಬ್ಬರಿಗೂ ನಿಶ್ಚಿತಾರ್ಥವಾದದ್ದು 1990ರಲ್ಲಿ, ಅಂದರೆ ಐವತ್ತೆರಡು ವರ್ಷಗಳ ನಂತರ! ಇನ್ನೇನು ಮದುವೆಯ ಕಥೆ ಬರೆಯಬೇಕು ಎನ್ನುವಷ್ಟರಲ್ಲಿ ಇದೇ ಜೋಡಿಯ ಮೇಲೆ ಟಿ.ವಿ. ಧಾರಾವಾಹಿಯೊಂದು ಸಿದ್ಧವಾಗತೊಡಗಿತು. ಧಾರಾವಾಹಿಯಲ್ಲಿ ತಾಳಿ ಬೀಳುವ ತನಕ ಪುಸ್ತಕದಲ್ಲೂ ಬೇಡವೆಂದು ತೀರ್ಮಾನವಾಯಿತು. ವರ್ಷಕ್ಕೆಂದು ಹೆಣೆದಿಟ್ಟಿದ್ದ ಕಥೆ ಹೀಗೆ ಕೈತಪ್ಪಿತು. ಸಂಪಾದಕ ಮೈಕ್ ಕಾರ್ಲಿನ್ ಬರಹಗಾರರನ್ನು ಕೂಡಿಸಿಕೊಂಡು ಕುಳಿತಾಗ, ಹಾಗಾದರೆ ಇವನನ್ನು ಕೊಂದೇಬಿಡೋಣ ಎಂದು ಜೆರ್ರಿ ಆರ್ಡ್‌ವೇ ತಮಾಷೆ ಮಾಡಿದರಂತೆ. ಆ ತಮಾಷೆಯೇ ವರ್ಷದ ಕಥೆಯಾಯಿತು. ಸತ್ತವನು ಮರುವರ್ಷ ಎದ್ದು ಬಂದ. ಮದುವೆ ನಡೆದದ್ದು 1996ರ ಅಕ್ಟೋಬರ್‌ನಲ್ಲಿ, ಟಿ.ವಿ.ಯಲ್ಲೂ ಪುಸ್ತಕದಲ್ಲೂ ಒಂದೇ ವಾರ.

ನಾಯಕ ಯಾರನ್ನು ಪ್ರೀತಿಸಬೇಕು, ಅವನ ಮಗ್ಗುಲಲ್ಲಿ ನಿಂತವರಲ್ಲಿ ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬುದನ್ನು ಕಥೆ ತಾನೇ ತೀರ್ಮಾನಿಸುತ್ತದೆಂದು ಓದುಗರು ನಂಬುತ್ತಾರೆ. ಆದರೆ ಆ ತೀರ್ಮಾನ ಬಹುಪಾಲು ಕಥೆಯನ್ನು ನಡೆಸುವವರದು. ಕೆಲವೊಮ್ಮೆ ಅವರು ಸಂಪಾದಕರು, ಕೆಲವೊಮ್ಮೆ ಪ್ರಕಾಶಕರು, ಇನ್ನು ಕೆಲವೊಮ್ಮೆ ಸಿನಿಮಾ ನಿರ್ದೇಶಕರು. ಚಿತ್ರದುರ್ಗದ ಓದುಗರಿಗೆ ಇದು ದೂರದ ಮಾತೇನಲ್ಲ. ನಮ್ಮ ಕೋಟೆಯ ಬಂಡೆಗಳ ಮೇಲೂ ಇಂಥ ತೀರ್ಮಾನಗಳು ಆಗಿವೆ. ಅಲ್ಲಿಗೆ ಬರುವ ಮೊದಲು ಬಣ್ಣದ ಪುಸ್ತಕಗಳ ಲೋಕದಲ್ಲಿ ಸ್ವಲ್ಪ ತಿರುಗಾಡಿ ಬರೋಣ.

ಲೋಯಿಸ್‌ಳ ಕಾಯುವಿಕೆ ಇಷ್ಟು ದೀರ್ಘವಾಗಬೇಕಿರಲಿಲ್ಲ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಇಬ್ಬರು ಯುವಕರಲ್ಲಿ ಕಥೆ ಬರೆಯುತ್ತಿದ್ದ ಜೆರ್ರಿ ಸೀಗೆಲ್ 1940ರಲ್ಲೇ ಒಂದು ಕಥೆ ಸಿದ್ಧಮಾಡಿದ್ದರು. ಅದರಲ್ಲಿ ನಾಯಕ ತಾನು ಯಾರೆಂಬ ಗುಟ್ಟನ್ನು ಲೋಯಿಸ್‌ಗೆ ಹೇಳಿಬಿಡುತ್ತಾನೆ. ಅಲ್ಲಿಂದ ಮುಂದೆ ಅವಳು ಮೋಸಹೋಗುವವಳಲ್ಲ, ಜೊತೆಗಾತಿ. ಆ ಕಥೆ ಅಚ್ಚಾಗಲಿಲ್ಲ. ಅದರ ಹಸ್ತಪ್ರತಿ ಕಂಪನಿಯ ಕಡತಗಳಲ್ಲಿ ಮತ್ತೆ ಕಣ್ಣಿಗೆ ಬಿದ್ದದ್ದು 1988ರಲ್ಲಿ. ಈ ನಡುವಿನ ಅರ್ಧ ಶತಮಾನ ಕಾಲ ಕನ್ನಡಕ ಹಾಕಿಕೊಂಡ ಕ್ಲಾರ್ಕ್ ಕೆಂಟ್ ಮತ್ತು ಕನ್ನಡಕ ತೆಗೆದ ಸೂಪರ್‌ಮ್ಯಾನ್ ಒಬ್ಬನೇ ಎಂಬುದು ಪತ್ರಿಕಾ ಕಚೇರಿಯ ಚುರುಕು ವರದಿಗಾರ್ತಿಗೆ ಹೊಳೆಯಲೇ ಇಲ್ಲ. ವರದಿಗಾರರ ಪೈಕಿ ಒಬ್ಬನಾಗಿ ಹೇಳುವುದಾದರೆ, ಇದು ನಮ್ಮ ವೃತ್ತಿಗೆ ಮಾಡಿದ ಅವಮಾನವೇ ಸರಿ! ಆದರೆ ಗುಟ್ಟು ರಟ್ಟಾದರೆ ಮುಂದಿನ ತಿಂಗಳು ಏನು ಬರೆಯುವುದು ಎಂಬ ಪ್ರಶ್ನೆಯ ಮುಂದೆ ಲೋಯಿಸ್‌ಳ ಬುದ್ಧಿಗೆ ಬೆಲೆ ಇರಲಿಲ್ಲ. ಸೀಗೆಲ್ ಮತ್ತು ಚಿತ್ರಕಾರ ಜೋ ಶುಸ್ಟರ್ 130 ಡಾಲರಿಗೆ ಪಾತ್ರದ ಹಕ್ಕನ್ನೇ ಮಾರಿಕೊಂಡಿದ್ದರು. ತಮ್ಮ ನಾಯಕನ ಸಂಸಾರದ ಬಗ್ಗೆ ಕೊನೆಯ ಮಾತು ಆಡುವ ಅಧಿಕಾರ ಅವರದಾಗಿ ಉಳಿದಿರಲಿಲ್ಲ.

ಸಂಪಾದಕರ ಮೇಲೂ ಒತ್ತಡಗಳಿದ್ದವೆನ್ನಿ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರು ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂದು ಪುಸ್ತಕ ಬರೆದರು. ಬ್ಯಾಟ್‌ಮ್ಯಾನ್ ಮತ್ತು ಅವನ ಹುಡುಗ ಸಂಗಾತಿ ರಾಬಿನ್ ಒಂದೇ ಮನೆಯಲ್ಲಿರುವುದನ್ನೂ ಅವರು ಅನುಮಾನಿಸಿದರು. ಅದೇ ವರ್ಷ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಪ್ರೇಮಕಥೆಯಲ್ಲಿ ಮನೆತನ ಮತ್ತು ಮದುವೆಯ ಪಾವಿತ್ರ್ಯಕ್ಕೆ ಒತ್ತು ಕೊಡಬೇಕು ಎಂಬುದೂ ಅದರಲ್ಲಿತ್ತು. 1956ರಲ್ಲಿ ಆ ಅನುಮಾನಕ್ಕೆ ಉತ್ತರವೆಂಬಂತೆ ಬ್ಯಾಟ್‌ವುಮನ್ ಎಂಬ ಪ್ರೇಯಸಿ ಬಂದಳು. 1964ರಲ್ಲಿ ಜೂಲಿಯಸ್ ಶ್ವಾರ್ಟ್ಸ್ ಹೊಸ ಸಂಪಾದಕರಾಗಿ ಬಂದಾಗ ಆಕೆ ಮಾಯವಾದಳು. ಬ್ಯಾಟ್‌ಮ್ಯಾನ್‌ನ ನಂಬಿಕಸ್ಥ ಮನೆವಾರ್ತೆಯವನಾದ ಆಲ್‌ಫ್ರೆಡ್‌ನನ್ನೂ ಅದೇ ವರ್ಷ ಬಂಡೆಯಡಿ ಸಾಯಿಸಿ, ಅವನ ಜಾಗಕ್ಕೆ ಹ್ಯಾರಿಯೆಟ್ ಅತ್ತೆಯನ್ನು ತಂದರು. ಗಂಡಸರಷ್ಟೇ ಇದ್ದ ಮನೆಗೆ ಹಿರಿಯ ಹೆಂಗಸೊಬ್ಬಳು ಬಂದಂತಾಯಿತು. ಎರಡು ವರ್ಷ ಕಳೆಯುವುದರಲ್ಲಿ ಬ್ಯಾಟ್‌ಮ್ಯಾನ್ ಟಿ.ವಿ.ಗೆ ಹೋದ. ಟಿ.ವಿ.ಯವರಿಗೆ ಆಲ್‌ಫ್ರೆಡ್ ಬೇಕಿತ್ತು. ಸತ್ತವನು ಪುಸ್ತಕದಲ್ಲೂ ಬದುಕಿ ಬಂದ. ಯಮನಿಗಿಂತ ಟಿ.ವಿ.ಯವರ ಮಾತು ನಡೆಯಿತು.

ಎಲ್ಲರಿಗೂ ಆ ಭಾಗ್ಯ ಬರಲಿಲ್ಲ. ಜೇಡಮಾನವ ಸ್ಪೈಡರ್‌ಮ್ಯಾನ್ ಪ್ರೀತಿಸಿದ ಗ್ವೆನ್ ಸ್ಟೇಸಿ 1973ರಲ್ಲಿ ಸತ್ತಳು. ಖಳ ಅವಳನ್ನು ಸೇತುವೆಯಿಂದ ಕೆಳಕ್ಕೆ ದೂಡುತ್ತಾನೆ, ನಾಯಕ ಬಲೆ ಬೀಸಿ ಹಿಡಿಯುತ್ತಾನೆ, ಮೇಲೆಳೆದು ನೋಡಿದರೆ ಜೀವವಿಲ್ಲ. ಕಥೆ ಬರೆದ ಗೆರ್ರಿ ಕಾನ್ವೇ ಆಗ ಇಪ್ಪತ್ತು ದಾಟಿದ ಹುಡುಗ. ಅವರ ಕಚೇರಿಯ ಲೆಕ್ಕಾಚಾರ ಸರಳವಾಗಿತ್ತು. ಗ್ವೆನ್ ಮತ್ತು ನಾಯಕನ ಪ್ರೀತಿ ಮದುವೆಗೆ ಬಂದು ನಿಂತಿತ್ತು. ಮದುವೆ ಮಾಡಿದರೆ ನಾಯಕನಿಗೆ ವಯಸ್ಸಾಗುತ್ತದೆ, ಮುರಿದರೆ ಓದುಗರು ಮುನಿಯುತ್ತಾರೆ. ಕಾನ್ವೇ ಅವರಿಗೆ ಮೇರಿ ಜೇನ್ ಎಂಬ ಇನ್ನೊಬ್ಬ ಹುಡುಗಿಯೇ ಹೆಚ್ಚು ಇಷ್ಟವಾಗಿದ್ದಳು. ಗ್ವೆನ್ ಬಿದ್ದ ರಭಸಕ್ಕೆ ಸತ್ತಳೇ, ಬಲೆಯ ಎಳೆತಕ್ಕೆ ಕತ್ತು ಮುರಿದು ಸತ್ತಳೇ ಎಂದು ಓದುಗರು ಪತ್ರ ಬರೆದು ಕೇಳಿದರು. ಬಲೆಯ ಎಳೆತಕ್ಕೇ ಎಂದು ಸಂಪಾದಕ ರಾಯ್ ಥಾಮಸ್ ಪತ್ರಗಳ ಅಂಕಣದಲ್ಲಿ ಉತ್ತರಿಸಿದರು. ನಾಯಕಿಯನ್ನು ಕೊಲ್ಲುವ ಹಕ್ಕಿನ ಜೊತೆಗೆ ಮರಣೋತ್ತರ ಪರೀಕ್ಷೆ ಮಾಡುವ ಹಕ್ಕೂ ಸಂಪಾದಕರದೇ ಎಂದಾಯಿತು.

ಮೇರಿ ಜೇನ್ 1987ರಲ್ಲಿ ಅವನ ಕೈಹಿಡಿದಳು. ಇಪ್ಪತ್ತು ವರ್ಷ ಸಂಸಾರ ನಡೆಯಿತು. 2007ರಲ್ಲಿ ಪ್ರಧಾನ ಸಂಪಾದಕ ಜೋ ಕ್ವೆಸಾಡ ಅವರು ಮದುವೆಯಾದ ಸ್ಪೈಡರ್‌ಮ್ಯಾನ್ ಬೇಡವೆಂದು ನಿರ್ಧರಿಸಿದರು. ವಿಚ್ಛೇದನ ಕೊಡಿಸಿದರೆ ನಾಯಕನ ಹೆಸರು ಕೆಡುತ್ತದೆ. ಅದಕ್ಕೆ ಕಂಡುಕೊಂಡ ದಾರಿಯೇ ವಿಚಿತ್ರ. ಸಾಯುತ್ತಿರುವ ಚಿಕ್ಕಮ್ಮನ ಜೀವ ಉಳಿಸಲು ದಂಪತಿ ತಮ್ಮ ಮದುವೆಯನ್ನೇ ಸೈತಾನನಿಗೆ ಒಪ್ಪಿಸುತ್ತಾರೆ, ಆ ಮದುವೆ ನಡೆದೇ ಇರಲಿಲ್ಲವೆಂಬಂತೆ ಎಲ್ಲರ ನೆನಪಿನಿಂದ ಅಳಿಸಿಹೋಗುತ್ತದೆ. ಕಥೆ ಬರೆದ ಸ್ಟ್ರಾಜಿನ್‌ಸ್ಕಿ ಅವರೇ ಇದಕ್ಕೆ ಮನಸಾರೆ ಒಪ್ಪಿರಲಿಲ್ಲ, ತಮ್ಮ ಹೆಸರನ್ನು ತೆಗೆಸಲೂ ಯೋಚಿಸಿದ್ದರು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬಾಲ್ಯ ಕಳೆದು ಈಗ ಅರವತ್ತರ ಆಸುಪಾಸಿನಲ್ಲಿರುವವರಿಗೆ ಸ್ಪೈಡರ್‌ಮ್ಯಾನ್‌ಗಿಂತ ಹತ್ತಿರದವನು ಫ್ಯಾಂಟಮ್. ಕಾಡಿನ ಗುಹೆ, ತಲೆಬುರುಡೆಯ ಸಿಂಹಾಸನ, ಡೆವಿಲ್ ಎಂಬ ತೋಳ, ಕುಳ್ಳರ ಮುಖಂಡ ಗುರಾನ್ ಇವನ್ನೆಲ್ಲ ಮರೆತವರು ಕಡಿಮೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ್ ಕಾಮಿಕ್ಸ್ ಅವನನ್ನು ಭಾರತದ ಮನೆಮನೆಗೆ ತಂದಿತು. ಹಿಂದಿಯವರಿಗೆ ಅವನು ವೇತಾಳ, ಬಂಗಾಳಿಗಳಿಗೆ ಅರಣ್ಯದೇವ. ಮೂಲದಲ್ಲಿ ಅವನ ನಾಡಿನ ಹೆಸರು ಬಂಗಾಲವನ್ನು ಹೋಲುತ್ತಿತ್ತು. ಇಲ್ಲಿಯ ಸಂಪಾದಕರು ಅದನ್ನು ಡೆಂಕಾಲಿ ಮಾಡಿದರು. ಅವನ ವಂಶದ ವೈರಿಗಳಾದ ಕಡಲ್ಗಳ್ಳರ ಹೆಸರು ಸಿಂಗ್ ಎಂದಿತ್ತು, ಅದು ಸಿಂಗ ಆಯಿತು. ತಂದೆಯನ್ನು ಕೊಂದ ಪಾತಕಿಯ ಹೆಸರು ರಾಮ ಎಂದಿದ್ದದ್ದು ರಾಮಲು ಆಯಿತು. ನಮ್ಮ ದೇಶದಲ್ಲಿ ಈ ಹೆಸರುಗಳ ಪುಸ್ತಕ ಮಾರುವುದು ಎಷ್ಟು ಕಷ್ಟವೆಂದು ಬಲ್ಲವರು ಮಾಡಿದ ಕೆಲಸ ಅದು. ಪುಟಕ್ಕೆ ಹೊಂದದ ಚಿತ್ರಗಳಿಗೂ ಕತ್ತರಿ ಬೀಳುತ್ತಿತ್ತು.

ಅವರ ಕತ್ತರಿಗೆ ಸಿಗದ ಸಂಗತಿಯೊಂದೇ, ಡಯಾನಾ ಪಾಮರ್. 1936ರ ಮೊದಲ ಕಥೆಯಲ್ಲೇ ಫ್ಯಾಂಟಮ್ ಕಂಡ ಹುಡುಗಿ ಅವಳು. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದಳು, ಎಷ್ಟೋ ಸಲ ಅಪಹರಣಕ್ಕೊಳಗಾದಳು, ಬಿಡುಗಡೆಯಾದಳು. ಮದುವೆಯಾದದ್ದು 1977ರಲ್ಲಿ, ನಲವತ್ತೊಂದು ವರ್ಷಗಳ ನಂತರ. ಇದು ಮಾತ್ರ ಕಂಪನಿಯ ಸಭೆಯ ತೀರ್ಮಾನವಾಗಿರಲಿಲ್ಲ. ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್ ಅವರೇ 1999ರಲ್ಲಿ ತೀರಿಕೊಳ್ಳುವ ತನಕ ಅದರ ಕಥೆ ಬರೆಯುತ್ತಿದ್ದರು. 1979ರಲ್ಲಿ ಅವಳಿ ಮಕ್ಕಳೂ ಹುಟ್ಟಿದರು. ಫ್ಯಾಂಟಮ್‌ನ ಸಂಸಾರವನ್ನು ಯಾವ ಸೈತಾನನೂ ಅಳಿಸಲಿಲ್ಲ. ಬರೆದವನ ಕೈಯಲ್ಲೇ ಲೇಖನಿ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಇಂದ್ರಜಾಲ್ ಕಾಮಿಕ್ಸ್ ಹುಟ್ಟುವ ಕಾಲಕ್ಕೆ ಆ ಬಳಗದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಮುಂದೆ 'ಅಮರ ಚಿತ್ರಕಥೆ'ಯ ಸಂಪಾದಕರಾಗಿ ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದವರು. ಆ ಮಾಲೆ ಇಂಗ್ಲಿಷಿನಲ್ಲಿ ಹನ್ನೊಂದನೆಯ ಸಂಖ್ಯೆಯಿಂದ ಶುರುವಾಗುತ್ತದೆ. ಮೊದಲ ಹತ್ತು ಎಲ್ಲಿ ಹೋದವೆಂದು ಕೇಳಿದರೆ ಕನ್ನಡಿಗರು ಹೆಮ್ಮೆಪಡಬಹುದಾದ ಉತ್ತರವಿದೆ. ಅವು 1965ರ ಸುಮಾರಿಗೆ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಂ ಅವರ ಯೋಚನೆಯಂತೆ ಕನ್ನಡದಲ್ಲಿ ಹೊರಬಂದವು ಎಂದು ಅವರೇ ಹೇಳಿದ್ದಾರೆ. ಪೈ ಅವರ ದೊಡ್ಡ ಸಂಪಾದಕೀಯ ತೀರ್ಮಾನ ಯಾರನ್ನು ಮುಖಪುಟಕ್ಕೆ ತರಬೇಕು ಎಂಬುದಾಗಿತ್ತು. ಕೃಷ್ಣ, ರಾಮರ ಜೊತೆಗೆ ಶಕುಂತಲೆ, ಸಾವಿತ್ರಿ, ದ್ರೌಪದಿ, ಗಾಂಧಾರಿ, ಘಟೋತ್ಕಚರಿಗೂ ಒಂದೊಂದು ಪುಸ್ತಕ ಸಿಕ್ಕಿತು. ಮಹಾಭಾರತದಲ್ಲಿ ಬಂದು ಹೋಗುವ ಘಟೋತ್ಕಚ ಮೂವತ್ತೆರಡು ಪುಟಗಳ ಮಟ್ಟಿಗಾದರೂ ನಾಯಕನಾದ.

ಇದೇನು ಅಚ್ಚುಯಂತ್ರದೊಂದಿಗೆ ಬಂದ ಪದ್ಧತಿಯಲ್ಲ. ಕ್ರಿ.ಶ. 941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ. ಅರಿಕೇಸರಿಯ ಪತ್ನಿಗೆ ಐವರು ಗಂಡಂದಿರೆಂದರೆ ಆಸ್ಥಾನದಲ್ಲಿ ಯಾರಾದರೂ ಸಹಿಸುತ್ತಾರೆಯೇ? ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟವೇರುವಾಗ ಅರ್ಜುನನ ಪಕ್ಕದಲ್ಲಿ ಕೂರುವವಳು ಮಾತ್ರ ಸುಭದ್ರೆ. ವ್ಯಾಸರು ಬರೆದದ್ದನ್ನು ಪಂಪ ತಿದ್ದಿದ. ಪಂಪ ಮಹಾಕವಿಯಾದ್ದರಿಂದ ಅದು ಕಾವ್ಯವಾಯಿತು ಎನ್ನುವುದು ಬೇರೆ ಮಾತು.

ಈಗ ನಮ್ಮ ದುರ್ಗಕ್ಕೆ ಬರೋಣ. ಇಲ್ಲಿ ರೆಕ್ಕೆ ಕಟ್ಟಿಕೊಂಡು ಹಾರುವ ನಾಯಕನಿಲ್ಲ. ಆದರೆ ಒಂದು ಸಾಲು ಸಂಭಾಷಣೆ ಬೇಡ, ಬರಿಯ ಹೆಸರು ಹೇಳಿದರೆ ಸಾಕು, ಸಿಟ್ಟು, ಹಟ, ಬಂಡೆಗಲ್ಲು ಎಲ್ಲ ಒಟ್ಟಿಗೆ ಕಣ್ಣೆದುರು ಬರುವ ಒಬ್ಬ ನಾಯಕನಿದ್ದಾನೆ. ಅವನು ರಾಮಾಚಾರಿ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರ, ಅಂದರೆ ನಮ್ಮ ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದು ಚಿತ್ರವಾಗಿ ಹೆಣೆದವರು ಎಸ್.ಆರ್. ಪುಟ್ಟಣ್ಣ ಕಣಗಾಲ್. ಎನ್. ವೀರಾಸ್ವಾಮಿ ನಿರ್ಮಿಸಿದ ಆ ಚಿತ್ರ 1972ರ ಡಿಸೆಂಬರ್ ಕೊನೆಯಲ್ಲಿ ತೆರೆಗೆ ಬಂತು. ವಿಷ್ಣುವರ್ಧನ್ ನಾಯಕರಾದದ್ದೂ, ಜಲೀಲನಾಗಿ ಅಂಬರೀಶ್ ಮೊದಲ ಬಾರಿಗೆ ಕಂಡದ್ದೂ ಇದರಲ್ಲೇ. ಮೂರು ಕಾದಂಬರಿ ಮೂರು ಗಂಟೆಯಾಗಬೇಕಾದರೆ ಎಷ್ಟು ಹೋಗಬೇಕು, ಎಷ್ಟು ಉಳಿಯಬೇಕು ಎಂಬುದು ಕಾಮಿಕ್ಸ್ ಸಂಪಾದಕರ ಮುಂದಿರುವ ಪ್ರಶ್ನೆಯೇ. ಕಾದಂಬರಿಕಾರರಿಗೆ ಉತ್ತರ ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ಅವರು ಹೇಳಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಚಿತ್ರ ನೋಡಿದ ಜನ ಮಾತ್ರ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಇಬ್ಬರಲ್ಲಿ ಯಾರು ಸರಿ ಎಂಬ ಜಗಳ ಹಳೆಯದು. ನನಗೆ ಅದಕ್ಕಿಂತ ಕುತೂಹಲವಾಗಿ ಕಾಣುವುದು ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರು ಮಾಡುವ ಕೆಲಸ.

ಕಥೆಯನ್ನು ನೆನಪು ಮಾಡಿಕೊಳ್ಳಿ. ಗೆಳೆಯ ವರದನ ತಂಗಿ ಅಲಮೇಲುವನ್ನು ಜಲೀಲನ ಕಾಟದಿಂದ ತಪ್ಪಿಸಿದ ರಾಮಾಚಾರಿ ಅವಳನ್ನು ಪ್ರೀತಿಸುತ್ತಾನೆ. ಅವಳೂ ಪ್ರೀತಿಸುತ್ತಾಳೆ. ಜಾತಿ ಅಡ್ಡ ಬರುತ್ತದೆ. ಹುಡುಗಿಯ ಮನೆಯವರು ನೇರವಾಗಿ ರಾಮಾಚಾರಿಯ ಹತ್ತಿರ ಬರುವುದಿಲ್ಲ, ಮೇಷ್ಟ್ರ ಹತ್ತಿರ ಹೋಗುತ್ತಾರೆ. ಊರಿಗೆಲ್ಲ ಬಗ್ಗದ ಹುಡುಗ ಅವರೊಬ್ಬರ ಮಾತು ಮೀರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಮೇಷ್ಟ್ರು ಹೇಳುತ್ತಾರೆ, ಶಿಷ್ಯ ತ್ಯಾಗ ಮಾಡುತ್ತಾನೆ, ಅಲಮೇಲು ಬೇರೆಯವನ ಕೈಹಿಡಿಯುತ್ತಾಳೆ. ನಾಯಕನ ಮೊದಲ ಪ್ರೇಮಕ್ಕೆ ಕತ್ತರಿ ಹಾಕಿದವರು ಕಥೆಯೊಳಗೇ ಕುಳಿತಿದ್ದ ಸಂಪಾದಕರು. ಅವರಿಗೆ ಕೇಡಿನ ಉದ್ದೇಶವಿರಲಿಲ್ಲ. ಸಂಪಾದಕರಿಗೆ ಎಂದೂ ಇರುವುದಿಲ್ಲ. ಮಕ್ಕಳಿಲ್ಲದ ಮೇಷ್ಟ್ರು ಮತ್ತು ತುಂಗಮ್ಮನವರಿಗೆ ಈ ಒರಟನೇ ಮಗ. ಕೆ.ಎಸ್. ಅಶ್ವತ್ಥ್ ಮತ್ತು ಲೀಲಾವತಿ ಆ ವಾತ್ಸಲ್ಯವನ್ನು ಕಣ್ಣಲ್ಲೇ ತೋರಿಸಿದವರು. ಮೇಷ್ಟ್ರು ಕೇಳಿದ್ದು ಊರು ಒಪ್ಪುವ ಕಥೆಯನ್ನು, ಅಷ್ಟೆ.

ಬೆಲೆ ತೆತ್ತವಳು ಅಲಮೇಲು. ಗಂಡನಿಂದಲೇ ಕೆಟ್ಟ ದಂಧೆಗೆ ದೂಡಲ್ಪಟ್ಟ ಅವಳನ್ನು ಮುಂದೊಮ್ಮೆ ರಾಮಾಚಾರಿ ಹೋಟೆಲೊಂದರಲ್ಲಿ ಕಾಣುತ್ತಾನೆ. ತನ್ನ ತ್ಯಾಗದಿಂದ ಉಳಿದದ್ದು ಇದೇ ಎಂದು ತಿಳಿದ ಮೇಲೆ ಅವನ ಪಾಲಿಗೆ ಮೇಷ್ಟ್ರ ಮಾತು ವೇದವಾಕ್ಯವಾಗಿ ಉಳಿಯುವುದಿಲ್ಲ. ಅಷ್ಟರಲ್ಲಿ ಮಾರ್ಗರೆಟ್ ಎಂಬ ಕ್ರೈಸ್ತ ಹುಡುಗಿ ಬಂದಿದ್ದಾಳೆ. ಮೇಷ್ಟ್ರು ಎರಡನೆಯ ಸಲ ಕತ್ತರಿ ಎತ್ತುತ್ತಾರೆ. ಈ ಸಲ ಶಿಷ್ಯ ಬಗ್ಗುವುದಿಲ್ಲ. ಬೆಟ್ಟದ ತುದಿಯಲ್ಲಿ ಮೇಷ್ಟ್ರು ಬಿದ್ದು ಸಾಯುತ್ತಾರೆ, ಅವರ ಹಿಂದೆಯೇ ರಾಮಾಚಾರಿ ಮತ್ತು ಮಾರ್ಗರೆಟ್ ಹಾರಿಕೊಳ್ಳುತ್ತಾರೆ. ಗ್ವೆನ್ ಸ್ಟೇಸಿ ಸೇತುವೆಯಿಂದ ಬಿದ್ದದ್ದು ಇದಾದ ಕೆಲವೇ ತಿಂಗಳುಗಳಿಗೆ. ಅಲ್ಲಿ ಹುಡುಗಿ ಸತ್ತು ನಾಯಕ ಉಳಿದ, ಏಕೆಂದರೆ ಮುಂದಿನ ತಿಂಗಳು ಪುಸ್ತಕ ಬರಬೇಕಿತ್ತು. ಇಲ್ಲಿ ಅಂಥ ಒತ್ತಾಯವಿರಲಿಲ್ಲ. ಎರಡು ಗಂಟೆಗೂ ಮೀರಿ ಅತ್ತು ನಕ್ಕ ಪ್ರೇಕ್ಷಕರು ಮೂರೂ ಸಾವುಗಳನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕಾಯಿತು. 1974ರಲ್ಲಿ ಪುಟ್ಟಣ್ಣನವರೇ ಇದನ್ನು ರಿಷಿ ಕಪೂರ್ ನಾಯಕತ್ವದಲ್ಲಿ ಹಿಂದಿಗೆ ಒಯ್ದರು, ಅದು ಅಲ್ಲಿ ಗೆಲ್ಲಲಿಲ್ಲ.

ಇದೇ ಚಿತ್ರದಲ್ಲಿ ಪುಟ್ಟಣ್ಣ ಇನ್ನೊಂದು ತೀರ್ಮಾನ ಮಾಡಿದ್ದರು. ಕಾಲೇಜು ಹುಡುಗನ ಪ್ರೇಮಕಥೆಯ ನಡುವೆ ಹದಿನೆಂಟನೆಯ ಶತಮಾನದ ಒಬ್ಬ ಹೆಂಗಸನ್ನು ತಂದು ನಿಲ್ಲಿಸಿದರು. ಹಾಡಿನಲ್ಲಿ ಬಂದು ಹಾಡಿನಲ್ಲೇ ಮುಗಿಯುವ ಪಾತ್ರ ಅದು. ಜಯಂತಿ ಕಚ್ಚೆ ಬಿಗಿದು ಒನಕೆ ಎತ್ತಿದರು. ಕಥೆಯ ಓಟಕ್ಕೆ ಅದು ಬೇಕಿರಲಿಲ್ಲ. ಕತ್ತರಿ ಕೈಗೆತ್ತಿಕೊಂಡ ಯಾವ ಸಂಕಲನಕಾರನಾದರೂ ಮೊದಲು ತೆಗೆಯುವ ಭಾಗ ಅದೇ. ಪುಟ್ಟಣ್ಣ ಉಳಿಸಿಕೊಂಡರು.

ಓಬವ್ವ ಇತಿಹಾಸದಲ್ಲಿ ಪೋಷಕ ಪಾತ್ರ. ಕಥೆಯ ನಾಯಕ ಮದಕರಿ ನಾಯಕ, ಎದುರಾಳಿ ಹೈದರಾಲಿ. ಕೋಟೆಯ ಕಾವಲಿಗಿದ್ದ ಕಹಳೆ ಮುದ್ದ ಹನುಮನ ಹೆಂಡತಿ ಇವಳು. ಗಂಡ ಊಟಕ್ಕೆ ಬಂದಾಗ ನೀರು ತರಲು ಹೋದವಳು ಬಂಡೆಯ ಸಂದಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡು, ಒನಕೆ ಹಿಡಿದು ನಿಂತು, ತೂರಿ ಬಂದ ತಲೆಗಳನ್ನು ಒಂದೊಂದಾಗಿ ಬಡಿದಳೆಂಬುದನ್ನು ಜಿಲ್ಲೆಯ ಮಗುವೂ ಬಲ್ಲದು. ಅಂದೇ ಅವಳೂ ಸತ್ತಳು. ಕೋಟೆ ಅಂದು ಉಳಿಯಿತು, 1779ರಲ್ಲಿ ಹೈದರನ ಕೈಸೇರಿತು. ಊರಿನ ಬಾಯಿಂದ ಬಾಯಿಗೆ ಬಂದ ಈ ಕಥೆಗೆ ಯಾವ ಸಂಪಾದಕನೂ ಇರಲಿಲ್ಲ. ಇದ್ದಿದ್ದರೆ ಅವಳನ್ನು ಮದಕರಿಗೆ ಗುಟ್ಟಾಗಿ ಮನಸೋತವಳನ್ನಾಗಿ ಮಾಡುತ್ತಿದ್ದನೇನೋ! ಅವಳ ಕಥೆಯಲ್ಲಿ ಪ್ರೇಮವಿಲ್ಲ. ಗಂಡನೊಬ್ಬನಿದ್ದಾನೆ, ಊಟ ಮುಗಿಸಿ ಬಂದು ಹೆಣಗಳ ರಾಶಿ ಕಂಡು ಕಹಳೆ ಊದುತ್ತಾನೆ. ಲೋಯಿಸ್ ಲೇನ್ ಸೂಪರ್‌ಮ್ಯಾನ್‌ನ ಗೆಳತಿಯಾಗಿ ಉಳಿದರೆ, ಮುದ್ದ ಹನುಮ ಓಬವ್ವನ ಗಂಡನಾಗಿ ಉಳಿದಿದ್ದಾನೆ.

ಈಗ ಓಬವ್ವ ಎಂದರೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಬಹುಮಟ್ಟಿಗೆ ಪುಟ್ಟಣ್ಣ ಚಿತ್ರಿಸಿದ ರೂಪ. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ, ಜಿಲ್ಲಾಧಿಕಾರಿ ಕಚೇರಿಯ ಮುಂದೆ ಪ್ರತಿಮೆ ಇದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ. ಸಂದಿಯಲ್ಲಿ ಬಂದ ಪಾತ್ರ ನಾಯಕನ ಪಕ್ಕಕ್ಕೆ ಬಂದು ನಿಂತಿದೆ.

ಅಲಮೇಲುವಿಗೆ ಪ್ರತಿಮೆಯಿಲ್ಲ, ಮಾರ್ಗರೆಟ್‌ಗೂ ಇಲ್ಲ. ಆದರೆ ಮಾರ್ಗರೆಟ್‌ಗೆ ಇನ್ನೊಂದು ಅವಕಾಶ ಸಿಕ್ಕಿತು. 2014ರ ಡಿಸೆಂಬರ್‌ನಲ್ಲಿ ಸಂತೋಷ್ ಆನಂದ್‌ರಾಮ್ ನಿರ್ದೇಶನದ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಬಂತು. ಅದರ ನಾಯಕ ವಿಷ್ಣುವರ್ಧನ್ ಅಭಿಮಾನಿ, 'ನಾಗರಹಾವು' ನೋಡಿ ಬೆಳೆದವನು, ತಾನು ಪ್ರೀತಿಸುವ ಹುಡುಗಿಯನ್ನು ಮಾರ್ಗರೆಟ್ ಎಂದೇ ಕರೆಯುತ್ತಾನೆ. ಯಶ್ ಮತ್ತು ರಾಧಿಕಾ ಪಂಡಿತ್ ನಟಿಸಿದ ಆ ಚಿತ್ರದಲ್ಲಿ, ನಲವತ್ತೆರಡು ವರ್ಷಗಳ ನಂತರ, ರಾಮಾಚಾರಿ ಮಾರ್ಗರೆಟ್‌ಳನ್ನು ಮದುವೆಯಾದ.